ಅವರಿಲ್ದೆ ಹೆಂಗಿರ್ತೀರ ಅಂತ ಕೇಳೋರಿಗೆ

ಮದುವೆ ಮನೇಲಿ, ಬಸ್ಸಲ್ಲಿ, ಮಗಳ ಸ್ಕೂಲ್ ಗೇಟ್ ಹತ್ರ, ಎಲ್ಲಿ ಹೋದ್ರೂ ಒಂದೇ ಪ್ರಶ್ನೆ, "ಯಜಮಾನ್ರು ಮಿಲಿಟ್ರಿಲಿ ಇದಾರಲ್ಲ, ಅಷ್ಟು ದೂರ ಇದ್ಕೊಂಡು ಹೆಂಗೆ ಸಂಸಾರ ಮಾಡ್ತೀರ?" ಈಗ ಫೋನ್ ಇದೆಯಲ್ಲ ಬಿಡಿ ಅಂತ ಉತ್ತರಾನೂ ಅವರೇ ಕೊಟ್ಬಿಡ್ತಾರೆ. ಹೋದ ತಿಂಗಳು ಪಕ್ಕದ ಊರಿನ ಒಂದು ಹುಡುಗಿ ಬಂದಿದ್ಲು, ಮದುವೆಯಾಗಿ ನಾಲ್ಕು ತಿಂಗಳು, ಗಂಡ ಫೀಲ್ಡ್ ಪೋಸ್ಟಿಂಗ್‌ಗೆ ಹೋಗಿದಾನೆ, ಹೆಂಡ್ತೀನ ಕರ್ಕೊಂಡು ಹೋಗೋಕಾಗದ ಜಾಗ. ಅವಳೂ ಇದನ್ನೇ ಕೇಳಿದ್ಲು, ಆಮೇಲೆ ಕಾಫಿ ಲೋಟ ಕೈಯಲ್ಲೇ ಹಿಡ್ಕೊಂಡು ಮೆಲ್ಲಗೆ, "ಅಕ್ಕ, ಇಲ್ಲಿ ಏನಾದ್ರೂ ಕೆಟ್ಟದಾದ್ರೆ ಅವರಿಗೆ ಹೇಳ್ಬೇಕಾ, ಬೇಡ್ವಾ?" ಅಂದ್ಲು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಮ್ಮ ಮದುವೆಯಾಗಿ 12 ವರ್ಷ. ಒಂದೇ ಸೂರಿನಡಿ ಇದ್ದಿದ್ದು ಸಂಸಾರ ಕರ್ಕೊಂಡು ಹೋಗಬಹುದಾದ ಪೀಸ್ ಸ್ಟೇಷನ್ ಕ್ವಾರ್ಟರ್ಸ್‌ನಲ್ಲಿ ಎರಡೂವರೆ ವರ್ಷ, ಮಿಕ್ಕಿದ್ದೆಲ್ಲ ರಜೆ ಲೆಕ್ಕ. ಜವಾನರಿಗೆ ವರ್ಷಕ್ಕೆ 60 ದಿನ ಆನ್ಯುಯಲ್ ಲೀವು, 30 ದಿನ ಕ್ಯಾಶುಯಲ್ ಲೀವು ಇರುತ್ತೆ, ಆದ್ರೆ ಅದು ನಮ್ಮ ಹಬ್ಬ ನೋಡ್ಕೊಂಡು ಬರಲ್ಲ, ಯೂನಿಟ್‌ನಲ್ಲಿ ಯಾವಾಗ ಬಿಡ್ತಾರೋ ಆವಾಗ.

2016ರ ಫೆಬ್ರವರಿ ಯಾರಿಗೂ ಮರೆತಿಲ್ಲ ಅನ್ಕೊಂಡಿದೀನಿ. ಸಿಯಾಚಿನ್‌ನ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದು 10 ಜನ ಸಿಕ್ಕಾಕೊಂಡ್ರು, ಆರು ದಿನ ಆದ್ಮೇಲೆ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತ ಸಿಕ್ಕಿದ್ರು, ಇಡೀ ರಾಜ್ಯ ದೇವರಿಗೆ ಕೈ ಮುಗೀತು, 11ನೇ ತಾರೀಖು ಹೋಗಿಬಿಟ್ರು. ಮುಂದಿನ ವರ್ಷ ನಮ್ಮನೆಯವರಿಗೂ ಅಲ್ಲಿಗೇ ಆರ್ಡರ್ ಬಂದಾಗ ನಮ್ಮತ್ತೆ ಮೂರು ದಿನ ಸರಿಯಾಗಿ ಅನ್ನ ಮುಟ್ಟಲಿಲ್ಲ.

ಆಗ ಮೇಲಿಂದ ಮಾತಾಡೋಕೆ ಇದ್ದಿದ್ದು ಸ್ಯಾಟಲೈಟ್ ಫೋನು. ನಿಮಿಷಕ್ಕೆ 5 ರೂಪಾಯಿ ಇದ್ದಿದ್ದನ್ನ 2017ರ ದೀಪಾವಳಿಗೆ 1 ರೂಪಾಯಿಗೆ ಇಳಿಸಿದ್ರು, ದೊಡ್ಡ ಉಪಕಾರ ಆಯ್ತು, ಆದ್ರೆ ಹಿಂದೆ ಸರದೀಲಿ ನಿಂತಿರೋ ಹುಡುಗರಿಗೂ ಮನೆ ಇರುತ್ತಲ್ಲ, ಹಾಗಾಗಿ ನಮಗೆ ಸಿಗ್ತಿದ್ದಿದ್ದು ನಾಲ್ಕೈದು ನಿಮಿಷ. ಅದ್ರಲ್ಲೂ ಮಾತು ತಡವಾಗಿ ತಲುಪೋದು. ನಾನು "ಹಲೋ" ಅಂದು, ಕೇಳಿಸಲಿಲ್ವೇನೋ ಅಂತ ಇನ್ನೊಂದು ಸಲ "ಹಲೋ" ಅನ್ನೋಷ್ಟರಲ್ಲಿ ಅವರ ಮಾತು ಬಂದು ಎರಡೂ ಒಂದರ ಮೇಲೊಂದು ಬೀಳೋದು, ಆಮೇಲೆ ಇಬ್ಬರೂ ಸುಮ್ನಾಗೋದು. ಬರ್ತಾ ಬರ್ತಾ ಕಲ್ತ್ವಿ, ನನ್ನ ಮಾತು ಮುಗಿದ್ರೆ "ಹೇಳಿ" ಅಂತಿದ್ದೆ, ಅವರದ್ದು ಮುಗಿದ್ರೆ "ಹೇಳು". ಈಗಲೂ ರಜೆಗೆ ಬಂದಾಗ ಅಡುಗೆಮನೇಲಿ ಎದುರಿಗೇ ನಿಂತು ಏನಾದ್ರೂ ಕೇಳಿದ್ರೆ ಅವರು ಒಂದು ಉಸಿರು ತಡೆದೇ ಉತ್ತರ ಕೊಡೋದು.

ಆ ನಾಲ್ಕು ನಿಮಿಷ "ಊಟ ಆಯ್ತಾ, ಚಳಿನಾ" ಅನ್ನೋದ್ರಲ್ಲೇ ಕಳೆದುಹೋಗಿ, ಇಟ್ಟ ಮೇಲೆ ಅಯ್ಯೋ ಅದು ಹೇಳಲಿಲ್ಲ ಅಂತ ಹೊಟ್ಟೆ ಉರಿಯೋದು. ಅದಕ್ಕೆ ಒಂದು ನೋಟ್ ಬುಕ್ ಮಾಡ್ದೆ. ದಿನಾ ರಾತ್ರಿ ಒಂದೆರಡು ಸಾಲು ಬರೀತೀನಿ, ದೊಡ್ಡ ವಿಷಯ ಏನಲ್ಲ, ಮಗಳ ಮುಂದಿನ ಹಲ್ಲು ಅಲ್ಲಾಡ್ತಿದೆ, ಬೋರ್‌ವೆಲ್ ಮೋಟ್ರು ಸುಟ್ಟೋಯ್ತು, ಕೆಳಗಿನ ಹೊಲಕ್ಕೆ ಶುಂಠಿ ಹಾಕೋದಾ ಜೋಳನಾ. ಫೋನ್ ಬಂದ ತಕ್ಷಣ ಪುಸ್ತಕ ತೆಗೀತೀನಿ. ಪ್ರೀತಿ ಮಾತಿಗಿಂತ ಈ ಶುಂಠಿ ಜೋಳದ ಮಾತಲ್ಲೇ ಅವರ ದನಿ ಬದಲಾಗೋದು, ಅದು ನಾನು ಕಿವಿಯಾರೆ ಕೇಳಿದೀನಿ. ಶುಂಠಿ ಬೇಡ, ಹೋದ ಸಲ ಕೊಳೆರೋಗ ಬಂದಿತ್ತು ಅಂತ ಅಲ್ಲಿಂದ ಹೇಳಿದ್ರು, ಆ ವರ್ಷ ಜೋಳಾನೇ ಹಾಕಿದ್ವಿ. ನನ್ನ ಕೈಲಿ ತೀರ್ಮಾನ ಮಾಡೋಕಾಗಲ್ಲ ಅಂತಲ್ಲ, ಒಂದೆರಡನ್ನ ಅವರಿಗೆ ಅಂತಲೇ ಉಳಿಸ್ತೀನಿ.

ಇನ್ನು ಆ ಹುಡುಗಿ ಕೇಳಿದ್ದಕ್ಕೆ. ಮಗಳಿಗೆ ಮೂರು ವರ್ಷ ಇದ್ದಾಗ ಡೆಂಗಿ ಬಂತು, ಪ್ಲೇಟ್‌ಲೆಟ್ ಇಳಿದು ಐದು ದಿನ ಆಸ್ಪತ್ರೇಲಿ ಇದ್ವಿ. ಮಾವ, "ಅಲ್ಲಿ ಕೂತು ಅವನೇನು ಮಾಡ್ತಾನಮ್ಮ, ಹೇಳಬೇಡ" ಅಂದ್ರು. ನಾನು ಡ್ರಿಪ್ ಬಾಟ್ಲು ನೋಡ್ಕೊಂಡೇ ಫೋನಲ್ಲಿ "ಎಲ್ಲಾ ಚೆನ್ನಾಗಿದೀವಿ ಕಣ್ರೀ" ಅಂದೆ. ಇಪ್ಪತ್ತು ದಿನ ಆದ್ಮೇಲೆ ಅವರ ಚಿಕ್ಕಪ್ಪನ ಮಗ ಬಾಯಿಬಿಟ್ಟ. ಆವತ್ತು ಫೋನಲ್ಲಿ ಜಗಳ ಇಲ್ಲ, ಬೈಗುಳ ಇಲ್ಲ, "ನಾನು ಈ ಮನೆಯವನಾ, ನೆಂಟನಾ?" ಅಂತ ಒಂದೇ ಮಾತು ಕೇಳಿದ್ರು, ಅಷ್ಟಕ್ಕೆ ಟೈಮ್ ಮುಗೀತು. ಮುಂದಿನ ಫೋನ್ ಬಂದಿದ್ದು ಹನ್ನೊಂದು ದಿನಕ್ಕೆ. ಆ ಹನ್ನೊಂದು ದಿನ ನಾನು ಹೆಂಗಿದ್ದೆ ಅನ್ನೋದು ನನಗೇ ಗೊತ್ತು.

ಅಲ್ಲಿಂದ ಏನನ್ನೂ ಮುಚ್ಚಿಡಲ್ಲ. ಹೇಳೋ ಕ್ರಮ ಮಾತ್ರ ಒಂದಿದೆ, ಮೊದಲು ಈಗ ಹೆಂಗಿದೆ ಅಂತ, ಆಮೇಲೆ ಏನಾಗಿತ್ತು ಅಂತ, ಕೊನೆಗೆ ನಾವೇನು ಮಾಡಿದ್ವಿ ಅಂತ. "ಅಮ್ಮ ಮನೇಲಿದಾರೆ, ನಡೀತಿದಾರೆ, ಮಂಗಳವಾರ ಬಚ್ಚಲಲ್ಲಿ ಜಾರಿದ್ರು, ಎಕ್ಸ್‌ರೇ ಮಾಡಿಸ್ದೆ, ಮೂಳೆ ಮುರಿದಿಲ್ಲ." ಹಿಂಗಂದ್ರೆ ಅವರಿಗೆ ನಿದ್ದೆ ಬರುತ್ತೆ. ಅಳು ಬಂದ್ರೆ ಅಳ್ತೀನಿ ಕೂಡ, ಅದನ್ನೂ ಆ ಹುಡುಗಿಗೆ ಹೇಳಿದೆ.

ನಾನು ಕೇಳದೇ ಇರೋದು ಒಂದೇ, ಎಲ್ಲಿದೀರ ಅಂತ. ಕಾಗದಕ್ಕೂ ಕೇರ್ ಆಫ್ 56 ಎಪಿಒ (ಮಿಲಿಟ್ರಿ ಅಂಚೆ ಕಚೇರಿ) ಅಂತ ಅಡ್ರೆಸ್, ಊರಿನ ಹೆಸರೇ ಇರಲ್ಲ, ಆದ್ರೂ ಹೋಗಿ ಸೇರುತ್ತೆ. ನೆಂಟರು ಕೇಳಿದ್ರೆ ಬಾರ್ಡರ್ ಕಡೆ ಅಂತೀನಿ, ಅವರ ಫೋಟೋ ಸ್ಟೇಟಸ್‌ಗೂ ಹಾಕಲ್ಲ.

ಈಗ ಕಾಲ ಸುಮಾರು ಬದಲಾಗಿದೆ. 2023ರ ಅಕ್ಟೋಬರ್‌ನಲ್ಲಿ ಸಿಯಾಚಿನ್‌ನಲ್ಲಿ 15,500 ಅಡಿಗಿಂತ ಮೇಲೇನೇ ಬಿಎಸ್ಎನ್ಎಲ್ ಟವರ್ ಹಾಕಿದ್ರು. ಆದ್ರೂ ಫೋನ್ ಸತ್ತೋಗೋ ದಿನ ಬರುತ್ತೆ. 2025ರ ಮೇ 7ಕ್ಕೆ ಆಪರೇಷನ್ ಸಿಂಧೂರ ಶುರುವಾದಾಗ ನಾಲ್ಕು ದಿನ ಅವರಿಂದ ಒಂದಕ್ಷರ ಇಲ್ಲ. ಟಿವೀಲಿ ಆ ಊರು ಬಿತ್ತು ಈ ಊರು ಬಿತ್ತು ಅಂತ ಕಿರುಚಾಡ್ತಿದ್ರು, ಮಾವ ಅದರ ಮುಂದೇ ಕೂತಿದ್ರು, ಎರಡನೇ ದಿನ ನಾನು ಕೇಬಲ್ ಕಿತ್ತು ಅಕ್ಕಿ ಡಬ್ಬದೊಳಗೆ ಇಟ್ಟೆ. ಮಾವ ಏನೂ ಅನ್ನಲಿಲ್ಲ, ಎದ್ದು ಹೊಲಕ್ಕೆ ಹೋದ್ರು. ನಾನು ನೋಟ್ ಬುಕ್ ಬರೀತಾ ಹೋದೆ, ಆ ನಾಲ್ಕು ದಿನದ್ದೇ ಎರಡು ಪುಟ ಆಗಿದೆ. 11ನೇ ತಾರೀಖು ರಾತ್ರಿ ಫೋನ್ ಬಂತು. "ಮಳೆ ಬಂತಾ?" ಅಂದ್ರು. ಬಂತು ಅಂದೆ, ಪುಸ್ತಕ ತೆಗೆದು ಮೊದಲ ಸಾಲಿಂದ ಓದೋಕೆ ಶುರು ಮಾಡ್ದೆ.