ಅಮ್ಮನ ಮೊಣಕಾಲು ಗಂಟಿನ ಆಪರೇಷನ್ ಯಾಕೆ ಮಾಡಿಸಲಿಲ್ಲ?

ಮದುವೆ ಹಾಲಿನಲ್ಲಿ ಊಟ ಮುಗಿಸಿ ಕೈ ತೊಳೆಯುವಾಗ ಕೇಳುತ್ತಾರೆ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. "ಅಮ್ಮನಿಗೆ ಮೊಣಕಾಲು ಗಂಟಿನ ಆಪರೇಷನ್ ಯಾಕೆ ಮಾಡಿಸಲಿಲ್ಲ?" ಕೆಲವರು ಸ್ವರ ತಗ್ಗಿಸಿ, "ದುಡ್ಡಿನ ತೊಂದರೆಯಾ?" ಅಂತಲೂ ಸೇರಿಸುತ್ತಾರೆ. ಅಲ್ಲ ಮಾರಾಯ್ರೆ. ಇನ್ನು ಯಾರು ಕೇಳಿದರೂ ಇದರ ಲಿಂಕ್ ಕಳಿಸುತ್ತೇನೆ.

ಮೊದಲು ಆ "ಮಾಡಿಸುವುದು" ಎಂಬ ಮಾತು. ಬೈಕ್ ಸರ್ವಿಸ್ ಮಾಡಿಸಿದ ಹಾಗೆ! ಗಂಟು ಅಮ್ಮನದು, ಮಾಡಿಸುವವನು ನಾನು.

ಆದರೆ ಅವತ್ತು ನಾನೂ ಹಾಗೇ ಇದ್ದೆ. ಡಾಕ್ಟ್ರು ಎಕ್ಸ್‌ರೇ ನೋಡಿ "ಸವೆತ ಜಾಸ್ತಿ ಉಂಟು" ಅಂದದ್ದೇ ತಡ, "ಡೇಟ್ ಕೊಡಿ ಡಾಕ್ಟ್ರೇ" ಅಂದೆ. ಅಮ್ಮ ಖಾಲಿ ಎಕ್ಸ್‌ರೇ ಕವರನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು. ಡಾಕ್ಟ್ರು ನನಗೆ ಉತ್ತರ ಕೊಡಲಿಲ್ಲ. ಅಮ್ಮನ ಕಡೆ ತಿರುಗಿ ತುಳುವಿನಲ್ಲಿ, "ಈರೆಗ್ ದಾದ ಬೋಡು ಅಮ್ಮಾ?" ಅಂದರು. ನಿಮಗೇನು ಬೇಕು, ಅಂತ.

ಅಮ್ಮ ಕೇಳಿದ್ದು ಒಂದೇ. "ಆಪರೇಷನ್ ಆದ ಮೇಲೆ ಚಾಪೆಯಲ್ಲಿ ಕೂತು ಹೂ ಕಟ್ಟಬಹುದಾ?"

ನಮ್ಮ ಮನೆ ಶಂಕರಪುರದ ಹತ್ತಿರ. ಬೆಳಿಗ್ಗೆ ಕೊಯ್ದ ಮಲ್ಲಿಗೆ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುವುದು ಅಮ್ಮನ ಕೆಲಸ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನೆಲದಲ್ಲಿ ಕೂರುವುದು ಬೇಡ ಅಂತ ಮೇಜು ತಂದುಕೊಟ್ಟೆ. ಈಗ ಅದರ ಮೇಲೆ ಹಳೇ ಪೇಪರ್ ರಾಶಿ ಉಂಟು.

ಡಾಕ್ಟ್ರು ಮುಚ್ಚಿಡಲಿಲ್ಲ. "ನಡೆಯುವಾಗಿನ ನೋವು ತುಂಬಾ ಕಡಿಮೆ ಆಗ್ತದೆ. ನೆಲದಲ್ಲಿ ಕೂರುವುದು ಮಾತ್ರ ಬೇಡ ಅಂತೇನೆ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಆಪರೇಷನ್ ಆದರೂ ಸಮಾಧಾನ ಇರುವುದಿಲ್ಲ. ತೊಡೆಗೆ ಬಲ ಬರುವ ವ್ಯಾಯಾಮ, ಸ್ವಲ್ಪ ತೂಕ ಇಳಿಸುವುದು, ಅದೂ ಒಂದು ದಾರಿ. ಇವತ್ತೇ ಆಗಬೇಕಂತಿಲ್ಲ."

"ಹಾಗಾದ್ರೆ ಆರು ತಿಂಗಳು ನೋಡುವ" ಅಂದರು ಅಮ್ಮ. ಡಾಕ್ಟ್ರೂ ನೋಡುವ ಅಂದರು. ಇಷ್ಟೇ ಕಥೆ.

"ಡಾಕ್ಟ್ರಿಗಿಂತ ನಿಮ್ಮಮ್ಮನಿಗೆ ಜಾಸ್ತಿ ಗೊತ್ತಾ?" ಅಂತ ಒಬ್ಬರು. ಗಂಟಿನ ವಿಷಯ ಡಾಕ್ಟ್ರಿಗೆ ಗೊತ್ತು. ಚಾಪೆಯ ವಿಷಯ? 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತ್ತು. ಆಕೆ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಒಪ್ಪಬೇಕಾದ್ದು ರೋಗಿ, ಬೇರೆ ದಾರಿ ಏನುಂಟು, ಅಪಾಯ ಏನು ಅಂತ ಅವರಿಗೇ ಹೇಳಬೇಕು ಎಂದಿತು ಕೋರ್ಟ್. ಅಲ್ಲಿ ಮಗಳ ಪರವಾಗಿ ತಾಯಿ. ಇಲ್ಲಿ ತಾಯಿಯ ಪರವಾಗಿ ನಾನು ಸಹಿ ಹಾಕಲು ಪೆನ್ನು ತೆಗೆದಿದ್ದೆ.

ಕೇಳುವುದಾದರೆ ಇದನ್ನು ಕೇಳಿ: "ಅವತ್ತು ನೀನ್ಯಾಕೆ ಅಮ್ಮನನ್ನು ಕೇಳಲಿಲ್ಲ?" ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ನನಗೆ ಹನ್ನೆರಡು ದಿನ ರಜೆ ಬಾಕಿ ಇತ್ತು. ಮಾರ್ಚ್ ದಾಟಿದರೆ ಹೋಗುತ್ತಿತ್ತು.

ಮೊನ್ನೆ ಚಾಪೆಯಿಂದ ಏಳುವಾಗ ಅಮ್ಮ ನನ್ನ ಹೆಗಲು ಹಿಡಿದರು. ನೋವುಂಟಾ ಅಂದೆ. ಉಂಟು ಅಂದರು. ಡೇಟ್ ಕೇಳುವುದಾ ಅಂದೆ.

"ಬೇಕಾದಾಗ ನಾನೇ ಕೇಳ್ತೇನೆ. ನೀನು ನಾರು ನೆನೆ ಹಾಕು."