ನಲವತ್ತು ಲೀಟರ್ ಸಮುದ್ರ, ಎರಡು ಬಿಳಿ ಕ್ಯಾನ್

ಮಾರ್ಚ್ ಕೊನೆಯ ವಾರ. ಅಕ್ಕನ ಮಗಳ ಮದುವೆ ಮುಗಿಸಿಕೊಂಡು ಊರಿಂದ ಬಂದು ಬಸ್ ಇಳಿದಿದ್ದೆ ಅಷ್ಟೇ. ಡಾಕ್ಟ್ರ ಫೋನು. "ಆ ಬಸವನಹುಳ ಎಲ್ಲಾ ಉದುರಿ ಬಿದ್ದಿವೆ ರೀ. ಮೀನು ಬೇರೆ ಏದುಸಿರು ಬಿಡ್ತಾ ಇವೆ. ಬೇಗ ಬನ್ನಿ."

ನನ್ನ ಕೆಲಸ ಅಕ್ವೇರಿಯಂ ಕೂರಿಸಿ ನೋಡಿಕೊಳ್ಳೋದು. ಅಂಗಡಿ ಇಲ್ಲ. ಒಂದು ಬೈಕು, ಎರಡು ಕ್ಯಾನು, ಹೆಗಲಿಗೊಂದು ಬ್ಯಾಗು. ಬೆಂಗಳೂರಿನ ಮನೆ, ಆಫೀಸು, ಕ್ಲಿನಿಕ್ಕುಗಳಿಗೆ ಹೋಗಿ ಟ್ಯಾಂಕ್ ಕೂರಿಸುತ್ತೇನೆ, ಆಮೇಲೆ ತಿಂಗಳಿಗೆ ಇಷ್ಟು ಅಂತ ಮಾತಾಡಿಕೊಂಡು ತೊಳೆಯುತ್ತೇನೆ. ಮುಕ್ಕಾಲು ಪಾಲು ಗೋಲ್ಡ್‌ಫಿಶ್ಶು, ಗಪ್ಪಿಗಳೇ. ಉಪ್ಪುನೀರಿನ ಟ್ಯಾಂಕ್ ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲೇ ಅತಿ ಚಿಕ್ಕದು ಈ ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಿನದು.

ಸಂಕ್ರಾಂತಿ ಕಳೆದ ಮೇಲೆ ಕರೆದಿದ್ದರು. ಕಾಯುವ ಜಾಗದಲ್ಲಿ ಟೇಬಲ್ ಮೇಲೆ ಕೂರುವಂಥ ಚಿಕ್ಕ ಸಮುದ್ರ ಬೇಕು, ಅಳುವ ಮಕ್ಕಳು ನೋಡಿ ಸುಮ್ಮನಾಗಬೇಕು. ಫೆಬ್ರವರಿ ಕೊನೆಗೆ ಕ್ಲಿನಿಕ್ಕಿಗೆ ಹತ್ತು ವರ್ಷ ತುಂಬುತ್ತೆ, ಪೂಜೆ ಇದೆ, ಅಷ್ಟರೊಳಗೆ ಮೀನು ಓಡಾಡ್ತಿರಬೇಕು. "ಚಿಕ್ಕದಾದ್ರೆ ಸುಲಭ ಅಲ್ವಾ?" ಅಂದರು.

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಮುನ್ನೂರು ಲೀಟರ್ ಟ್ಯಾಂಕಿನಲ್ಲಿ ಒಂದು ಚಿಟಿಕೆ ಆಹಾರ ಜಾಸ್ತಿ ಬಿದ್ದರೆ ನೀರಿಗೆ ಗೊತ್ತೇ ಆಗಲ್ಲ. ನಲವತ್ತು ಲೀಟರಲ್ಲಿ ಸಂಜೆಯೊಳಗೆ ಗೊತ್ತಾಗುತ್ತೆ. ಬಿಸಿಲು, ಕರೆಂಟು ಹೋಗೋದು, ನೀರು ಆವಿಯಾಗೋದು, ಎಲ್ಲದರ ಪೆಟ್ಟೂ ಬೇಗ ಬೀಳುತ್ತೆ. ಇದನ್ನೆಲ್ಲಾ ಹೇಳಿದೆ. ಡಾಕ್ಟ್ರು ತಲೆ ಆಡಿಸಿದರು. ಮೊಬೈಲಿನಲ್ಲಿ ಒಂದು ಕಡು ನೀಲಿ ಮೀನಿನ ಫೋಟೋ ತೋರಿಸಿ "ಇದೊಂದು ಹಾಕಿಬಿಡಿ" ಅಂದರು. ಬ್ಲೂ ಟ್ಯಾಂಗ್. ಬೆಳೆದರೆ ಒಂದು ಅಡಿ ಉದ್ದ ಆಗುವ, ದಿನವಿಡೀ ಈಜಾಡುವ ಮೀನು. ನಮ್ಮ ಟ್ಯಾಂಕಿನ ಉದ್ದವೇ ಒಂದೂವರೆ ಅಡಿ. ಆಗಲ್ಲ ಸಾರ್ ಅಂದೆ. ಮುಖ ಸಣ್ಣದಾಯಿತು.

ಟ್ಯಾಂಕ್ 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಲೆಕ್ಕಕ್ಕೆ ನಲವತ್ತು ಲೀಟರ್. ಮರಳು, ಕಲ್ಲು ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ ಉಳಿಯುವ ನೀರು ಮೂವತ್ತೆರಡು ಲೀಟರ್ ಆಸುಪಾಸು. ಈ ಮೂವತ್ತೆರಡನ್ನು ನೆನಪಿಡಿ, ಮುಂದೆ ಬೇಕಾಗುತ್ತೆ. ಹಿಂದೆ ನೇತುಹಾಕುವ ಫಿಲ್ಟರ್, ನೀರಲ್ಲಿ ಅಲೆ ಎಬ್ಬಿಸುವ ಪುಟ್ಟ ವೇವ್‌ಮೇಕರ್, ನೀಲಿ ಬಿಳಿ ಎಲ್ಇಡಿ, 50 ವ್ಯಾಟಿನ ಹೀಟರ್. ಬೆಂಗಳೂರಿಗೆ ಹೀಟರ್ ಯಾಕೆ ಅಂತ ಕೇಳ್ತಾರೆ. ಜನವರಿ ರಾತ್ರಿ ಮುಚ್ಚಿದ ಕ್ಲಿನಿಕ್ಕಿನಲ್ಲಿ ನೀರು 20 ಡಿಗ್ರಿಗೆ ಇಳಿಯೋದನ್ನ ನಾನು ನೋಡಿದ್ದೇನೆ. ನಮಗೆ ಬೇಕಾದ್ದು 25, 26.

ಕಲ್ಲಿನ ವಿಷಯಕ್ಕೆ ಒಂದು ಮಾತು. ಸಮುದ್ರದಿಂದ ತಂದ ಹವಳದ ಕಲ್ಲು, ಗಟ್ಟಿ ಹವಳ ನಾನು ಮುಟ್ಟಲ್ಲ. ರೀಫ್, ಅಂದರೆ ಸಮುದ್ರದೊಳಗಿನ ಹವಳದ ದಿಬ್ಬ, ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. "ಒಂದು ಪೀಸ್ ತಾನೆ" ಅನ್ನುವ ಗಿರಾಕಿಗಳು ಸಿಗ್ತಾರೆ. ಒಂದು ಪೀಸಿಗೂ ಕೇಸ್ ಆಗುತ್ತೆ. ಹವಳ ನೋಡಲೇಬೇಕು ಅನ್ನೋರಿಗೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಡೈವ್ ಮಾಡಿ ಅಂತೀನಿ. ಇಲ್ಲಿಗೆ ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು ನಾಲ್ಕು ಕೆಜಿ ತಂದೆ.

ನೀರಿನದು ಇನ್ನೊಂದು ಕತೆ. ಡಾಕ್ಟ್ರ ಸಂಬಂಧಿಕರೊಬ್ಬರು ಮಂಗಳೂರಿನಿಂದ ಕಾರಿನಲ್ಲಿ ಸಮುದ್ರದ ನೀರೇ ತರ್ತೀನಿ ಅಂದರಂತೆ. ಬೇಡ ಅಂದೆ. ನೇತ್ರಾವತಿ, ಗುರುಪುರ ಎರಡೂ ಅಲ್ಲೇ ಸಮುದ್ರ ಸೇರೋದು. ದಡದ ನೀರಿನಲ್ಲಿ ಉಪ್ಪು ಎಷ್ಟು, ಕೊಳೆ ಎಷ್ಟು ಅಂತ ಯಾರು ಅಳೆಯೋದು? ಕ್ಲಿನಿಕ್ಕಿನ ಫಿಲ್ಟರ್ ನೀರೂ ಆಗಲ್ಲ. ಕುಡಿಯೋಕೆ ರುಚಿ ಇರಲಿ ಅಂತ ಅದರಲ್ಲಿ ಸ್ವಲ್ಪ ಲವಣ ಉಳಿಸಿರುತ್ತಾರೆ, ಮೀಟರ್ ಇಟ್ಟರೆ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, 70 ತೋರಿಸಿತು. ನನಗೆ ಸೊನ್ನೆ ಬೇಕು. ಮನೆಯ ಆರ್‌ಒಗೆ ಉಳಿದ ಲವಣವನ್ನೂ ತೆಗೆಯುವ ಡಿಐ ಕಾರ್ಟ್ರಿಜ್ ಸೇರಿಸಿಕೊಂಡಿದ್ದೇನೆ, ಆ ನೀರನ್ನೇ ಕ್ಯಾನಿನಲ್ಲಿ ಹೊರುತ್ತೇನೆ. ಅದಕ್ಕೆ ಅಕ್ವೇರಿಯಂಗೆ ಅಂತಲೇ ಬರುವ ರೀಫ್ ಸಾಲ್ಟ್ ಬೆರೆಸಿ, ಒಂದು ದಿನ ಪಂಪ್ ಓಡಿಸಿ, ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಂದ್ರತೆ 1.026 ಬಂದರೆ ಸಮುದ್ರ ರೆಡಿ. ಲೀಟರಿಗೆ 35 ಗ್ರಾಂ ಉಪ್ಪು ಅಂತ ಲೆಕ್ಕ. ಅಡುಗೆ ಉಪ್ಪಲ್ಲ ಮತ್ತೆ. ಅದರಲ್ಲಿ ಹವಳಕ್ಕೆ, ಹುಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಲ್ಲ.

ಮೊದಲ ವಾರ ರಸೆಲ್ ಮಾರ್ಕೆಟ್ಟಿನಿಂದ ಒಂದು ಹಸಿ ಸಿಗಡಿ ತಂದು, ಬಲೆ ಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟೆ. ಅದು ಕೊಳೆತು ಅಮೋನಿಯ ಬರಬೇಕು, ಅದನ್ನು ತಿನ್ನುವ ಬ್ಯಾಕ್ಟೀರಿಯ ಹುಟ್ಟಬೇಕು. ಅಮೋನಿಯ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ, ಮೊದಲೆರಡೂ ಸೊನ್ನೆಗೆ ಬರೋವರೆಗೆ ಮೀನು ಬಿಡೋ ಹಾಗಿಲ್ಲ. ನಾಲ್ಕರಿಂದ ಆರು ವಾರ. ಮೂರನೇ ದಿನಕ್ಕೆ ಟೆಸ್ಟ್ ಕಿಟ್ಟಿನ ಹಳದಿ ಕಡು ಹಸಿರಿಗೆ ತಿರುಗಿತು, ಜೊತೆಗೆ ಕಾಯುವ ಜಾಗವೆಲ್ಲ ಗಬ್ಬು ವಾಸನೆ. ಡಾಕ್ಟ್ರು ಮೀನೂ ತಿನ್ನದ ಮನೆಯವರು. ಕ್ಲಿನಿಕ್ಕಿನ ಆಯಾ ಬಂದು ಟ್ಯಾಂಕಿನ ಪಕ್ಕ ಎರಡು ಊದುಬತ್ತಿ ಹಚ್ಚಿ ಹೋದರು. ಹೊಗೆ ನೀರಿಗೆ ಒಳ್ಳೇದಲ್ಲ ಅಕ್ಕ ಅಂದೆ. "ವಾಸನೆ ಪೇಷಂಟಿಗೆ ಒಳ್ಳೇದಾ ಅಣ್ಣ?" ಅಂದರು. ಉತ್ತರ ಇರಲಿಲ್ಲ.

ಆ ಆರು ವಾರ ನಾನು ಮೂರು ದಿನಕ್ಕೊಮ್ಮೆ ಹೋಗುತ್ತಿದ್ದೆ. ನೀರು ಕಡಿಮೆಯಾಗಿದ್ದರೆ ನಾನೇ ತುಂಬಿಸುತ್ತಿದ್ದೆ. ಮೂರನೇ ವಾರ ಮರಳು, ಕಲ್ಲು ಎಲ್ಲಾ ಕಂದು ಪಾಚಿ ಕಟ್ಟಿತು, ತಾನಾಗೇ ಹೋಯಿತು. ಫೆಬ್ರವರಿ ಕೊನೆಗೆ ಐದು ಬಸವನಹುಳ, ಒಂದು ಸನ್ಯಾಸಿ ಏಡಿ. ಏಡಿಗೆ ಅಂತ ಬೇರೆ ಎರಡು ಖಾಲಿ ಚಿಪ್ಪು ಹಾಕಿದೆ, ಇಲ್ಲದಿದ್ದರೆ ಹುಳವನ್ನು ಕೊಂದು ಅದರ ಚಿಪ್ಪನ್ನೇ ಎತ್ತಿಕೊಳ್ಳುತ್ತೆ. ಮೆತ್ತನೆ ಹವಳದಲ್ಲಿ ಎರಡು ಮಶ್ರೂಮ್, ಒಂದು ಗೊಂಚಲು ಝೀನಿಯ. ಝೀನಿಯ ಅಂದರೆ ಪುಟ್ಟ ಪುಟ್ಟ ಕೈಗಳು ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿದ ಹಾಗೆ ಮಿಡಿಯುತ್ತಿರುತ್ತೆ. ಮಕ್ಕಳು ನೋಡೋದು ಅದನ್ನೇ. ಜೋವಾಂಥಿಡ್ ಅನ್ನೋ ಹವಳದಂಥ ಜೀವಿ ಹಾಕಲಿಲ್ಲ. ಬಣ್ಣ ಚೆನ್ನ, ಆದರೆ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರುತ್ತೆ. ಅದು ಅಂಟಿದ ಕಲ್ಲನ್ನು ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತೆ. ಎಲ್ಲವನ್ನೂ ಬಿಸಿನೀರಲ್ಲಿ ಉಜ್ಜುವ ಅಭ್ಯಾಸ ಇರುವ ಕ್ಲಿನಿಕ್ಕಿಗೆ ಅದು ಬೇಡ ಅನಿಸಿತು.

ಮೀನು ಎರಡೇ. ಒಂದು ಜೊತೆ ಕ್ಲೌನ್ ಮೀನು, ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ಮರಿ ಮಾಡಿಸಿ ಸಾಕುವ ವಿಧಾನ ರೂಪಿಸಿದ್ದಾರೆ, ಸಮುದ್ರದಲ್ಲಿ ಹಿಡಿಯಬೇಕಾಗಿಲ್ಲ. ಹುಟ್ಟುವಾಗ ಎಲ್ಲವೂ ಗಂಡು. ಜೊತೆಯಲ್ಲಿ ದೊಡ್ಡದು ಹೆಣ್ಣಾಗುತ್ತೆ. ಅದಕ್ಕೇ ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು ಆರಿಸಿ ತಂದೆ. ಸಮುದ್ರದಲ್ಲಿ ಕ್ಲೌನ್ ಮೀನು ಮನೆ ಮಾಡಿಕೊಳ್ಳೋದು ಅನಿಮೋನ್ ಅನ್ನೋ ಜೀವಿಯೊಳಗೆ, ಅವಕ್ಕೆ ಅದು ಬೇಡವಾ ಅಂತ ಡಾಕ್ಟ್ರು ಕೇಳಿದರು. ಬೇಡ. ಹೊಸ ಚಿಕ್ಕ ಟ್ಯಾಂಕಿನಲ್ಲಿ ಅನಿಮೋನ್ ಒಂದು ಕಡೆ ಕೂರಲ್ಲ. ನಡೆದುಕೊಂಡು ಹೋಗಿ ಪಂಪಿಗೆ ಸಿಕ್ಕಿ ಸತ್ತರೆ ನೀರಿಗೆಲ್ಲ ವಿಷ.

ಪೂಜೆ ಚೆನ್ನಾಗಾಯಿತು. ಮಾರ್ಚ್ ಮೊದಲ ವಾರ ಬಿಸಿಲು ಏರಿತು, ನೀರು 29 ತೋರಿಸಿತು. ಒಂದು ಪುಟ್ಟ ಫ್ಯಾನ್ ಕಟ್ಟಿದೆ. ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತೆ, ಆದರೆ ಇಳಿಸೋದೇ ನೀರನ್ನು ಆವಿ ಮಾಡಿ. ದಿನಕ್ಕೆ ಆರುನೂರು ಎಂಎಲ್ ಹೋಗತೊಡಗಿತು.

ಊರಿಗೆ ಹೋಗುವ ಮುಂಚೆ ಡಾಕ್ಟ್ರನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದೆ. ಆವಿಯಾಗೋದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತೆ, ಆದ್ದರಿಂದ ದಿನಾ ತುಂಬಿಸಬೇಕಾದ್ದು ಸಪ್ಪೆ ಆರ್‌ಒ ನೀರು. ಅವರು ಎಲ್ಲದಕ್ಕೂ ಹೂಂ ಅಂದರು. ಮಧ್ಯೆ ಎರಡು ಸಲ ಎದ್ದು ಪೇಷಂಟ್ ನೋಡಿ ಬಂದರು. ಬಾಗಿಲ ಹತ್ತಿರ ಮಾಪ್ ಹಿಡಿದು ಆಯಾ ಅಕ್ಕ ನಿಂತಿದ್ದರು. ಅವರಿಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಮೆಟ್ಟಿಲ ಕೆಳಗೆ ಎರಡು ಕ್ಯಾನ್ ಇಟ್ಟು ಹೋದೆ. ಎರಡೂ ಇಪ್ಪತ್ತು ಲೀಟರಿನವು, ಎರಡೂ ಬಿಳಿ. ಒಂದರಲ್ಲಿ ಸಪ್ಪೆ ನೀರು. ಇನ್ನೊಂದರಲ್ಲಿ ವಾಪಸ್ ಬಂದ ಮೇಲೆ ನಾನೇ ನೀರು ಬದಲಿಸೋಕೆ ಕಲಸಿಟ್ಟ ಉಪ್ಪುನೀರು. ಮಾರ್ಕರ್ ಪೆನ್ನಿನಲ್ಲಿ ಒಂದರ ಮೇಲೆ ಆರ್‌ಒ ಅಂತ, ಇನ್ನೊಂದರ ಮೇಲೆ ಸಾಲ್ಟ್ ವಾಟರಿಗೆ ಎಸ್‌ಡಬ್ಲ್ಯೂ ಅಂತ ಬರೆದಿದ್ದೆ. ಇಂಗ್ಲಿಷಿನಲ್ಲಿ.

ಹತ್ತು ದಿನ ಬಿಟ್ಟು ಬಂದು ನೋಡಿದಾಗ ಮಶ್ರೂಮ್ ಎರಡೂ ಮುದುಡಿ ಗುಂಡಿಯಷ್ಟಾಗಿದ್ದವು. ಝೀನಿಯ ಕರಗಿ ಲೋಳೆ. ಗಾಜಿನ ಅಂಚಿಗೆ ಬಿಳಿ ಉಪ್ಪಿನ ಹೊಪ್ಪಳೆ. ರಿಫ್ರಾಕ್ಟೋಮೀಟರಿಗೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದೆ. ನೀಲಿ ಬಿಳಿ ಸೇರುವ ಗೆರೆ 1.031ರ ಮೇಲೆ. ಮೀಟರೇ ಕೆಟ್ಟಿರಬೇಕು ಅಂತ ಸಪ್ಪೆ ನೀರು ಬಿಟ್ಟು ನೋಡಿದೆ, ಸರಿಯಾಗಿ ಸೊನ್ನೆ ಗೆರೆಗೇ ನಿಂತಿತು. ಮೀಟರ್ ಸರಿ ಇದೆ. ಮೆಟ್ಟಿಲ ಕೆಳಗೆ ಬಗ್ಗಿದೆ. ಆರ್‌ಒ ಕ್ಯಾನ್ ಕುತ್ತಿಗೆವರೆಗೂ ತುಂಬಿದ ಹಾಗೇ ಇದೆ. ಉಪ್ಪುನೀರಿನ ಕ್ಯಾನಿನಲ್ಲಿ ಆರು ಲೀಟರ್ ಖಾಲಿ.

ಲೆಕ್ಕ ತಾಳೆಯಾಯಿತು. ಮೂವತ್ತೆರಡು ಲೀಟರಿನಲ್ಲಿ ಇದ್ದ ಉಪ್ಪು 1120 ಗ್ರಾಂ. ಅದಕ್ಕೆ ಆರು ಲೀಟರ್ ಉಪ್ಪುನೀರಿನ 210 ಗ್ರಾಂ ಸೇರಿತು. ನೀರು ಮಾತ್ರ ಅದೇ ಮೂವತ್ತೆರಡು, ಹಾಗಾಗಿ ಲೀಟರಿಗೆ 35 ಗ್ರಾಂ ಇದ್ದದ್ದು ನಲವತ್ತೊಂದೂವರೆ.

"ಯಾರು ಸಾರ್ ನೀರು ಹಾಕ್ತಿದ್ದಿದ್ದು?" ಅಂದೆ. ಡಾಕ್ಟ್ರು ಒಳಗೆ ನೋಡಿದರು. ಅಕ್ಕ ಬಂದರು. "ನಾನೇ ಅಣ್ಣ. ಇದು ಉಪ್ಪುನೀರಿನ ಮೀನು ಅಂತ ನೀವೇ ಹೇಳ್ತಿದ್ರಿ. ಎರಡೂ ಕ್ಯಾನು ಬೆರಳದ್ದಿ ನೆಕ್ಕಿ ನೋಡಿದೆ. ಸಪ್ಪೆ ಹಾಕಿದ್ರೆ ಸತ್ತೋಗ್ತಾವೆ ಅಂತ ಉಪ್ಪಿಂದೇ ಹಾಕ್ದೆ. ದಿನಾ ತಪ್ಪಿಸಿಲ್ಲ."

ನಿಜ, ಒಂದು ದಿನವೂ ತಪ್ಪಿಸಿರಲಿಲ್ಲ. ಭಾನುವಾರ ಕೂಡ ಬೀಗ ತೆಗೆದು ಬಂದು ಹಾಕಿ ಹೋಗಿದ್ದರು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಡಾಕ್ಟ್ರು ಗದರಲು ಬಾಯಿ ತೆರೆದರು. ತಪ್ಪು ನಂದು ಸಾರ್ ಅಂದೆ.

ಆವಿ, ಲವಣ, ಸಾಂದ್ರತೆ ಅಂತ ಡಾಕ್ಟ್ರಿಗೆ ಹೇಳಿದ್ದನ್ನೇ ಅಕ್ಕನಿಗೂ ಶುರು ಮಾಡಿದೆ. ನೀರು ಮಾತ್ರ ಹಾರಿ ಹೋಗುತ್ತೆ, ಉಪ್ಪು ತಳದಲ್ಲೇ... ಅನ್ನೋವಷ್ಟರಲ್ಲಿ ಅವರೇ "ಓ, ಸಾರು ಬತ್ತಿದ ಹಾಗಾ?" ಅಂದರು. "ಸಾರು ಬತ್ತಿದ್ರೆ ಬಿಸಿನೀರು ಬಿಡ್ತೀವಿ. ಮತ್ತೆ ಉಪ್ಪು ಹಾಕ್ತೀವಾ? ಮೊದಲೇ ಹೇಳ್ಬಾರದಾ ಅಣ್ಣ." ಅರ್ಧ ಗಂಟೆಯ ನನ್ನ ಪಾಠ ಒಂದು ಸಾರಿನ ಪಾತ್ರೆಯಲ್ಲಿ ಮುಗಿದಿತ್ತು.

ಉಪ್ಪು ಇಳಿಸೋದಕ್ಕೆ ಅವಸರ ಮಾಡೋ ಹಾಗಿಲ್ಲ. ಒಂದೇ ಸಲ ಸಪ್ಪೆ ನೀರು ಸುರಿದರೆ ಉಳಿದ ಹುಳಗಳೂ ಹೋಗುತ್ತವೆ, ಅವಕ್ಕೆ ದಿಢೀರ್ ಬದಲಾವಣೆ ತಡೆಯೋ ಶಕ್ತಿ ಮೀನಿಗಿಂತ ಕಡಿಮೆ. ಒಟ್ಟು ಐದು ಲೀಟರ್ ಚಿಲ್ಲರೆ ಬದಲಿಸಬೇಕಿತ್ತು. ಮೂರು ದಿನಕ್ಕೆ ಹಂಚಿದೆ. ದಿನಕ್ಕೆ ಒಂದೂಮುಕ್ಕಾಲು ಲೀಟರ್ ತೆಗೆಯೋದು, ಅಷ್ಟೇ ಸಪ್ಪೆ ನೀರನ್ನು ಏರ್ ಪೈಪಿನಲ್ಲಿ ಗಂಟು ಹಾಕಿ ಹನಿ ಹನಿ ಬಿಡೋದು. ಗ್ಲೂಕೋಸ್ ಏರಿಸಿದ ಹಾಗಿದೆ ಅಂತ ಕಾಯುತ್ತಿದ್ದ ಒಬ್ಬರು ಪೇಷಂಟ್ ಅಂದರು. ಮೀನು ಎರಡೂ ಉಳಿದವು. ಏಡಿ ಉಳಿಯಿತು. ಹುಳ ಐದರಲ್ಲಿ ಮೂರು ಹೋದವು, ಝೀನಿಯ ಪೂರ್ತಿ ಹೋಯಿತು. ಅದರ ದುಡ್ಡು ನಾನೇ ಹಾಕಿಕೊಂಡೆ. ಆ ತಿಂಗಳ ಲಾಭ ಅಲ್ಲಿಗೆ ಸರಿಹೋಯಿತು.

ಈಗ ಯಾವ ಕಡೆ ಟ್ಯಾಂಕ್ ಕೂರಿಸಿದರೂ ಮೊದಲು ಕೇಳೋದು, ಇಲ್ಲಿ ಬೆಳಗ್ಗೆ ಬೀಗ ತೆಗೆಯೋರು ಯಾರು ಅಂತ. ಪಾಠ ಅವರಿಗೆ. ಬಿಲ್ ಕೊಡೋರಿಗೆ ಬಿಲ್ ಸಾಕು. ಕ್ಯಾನುಗಳ ಬಣ್ಣ ಬೇರೆ ಮಾಡಿದೆ. ನೀಲಿ ಕ್ಯಾನಿನ ಮೇಲೆ ಕನ್ನಡದಲ್ಲಿ "ದಿನಾ ಹಾಕುವ ನೀರು". ಬಿಳಿಯದನ್ನು ಅಲ್ಲಿ ಬಿಟ್ಟು ಬರೋದೇ ಇಲ್ಲ, ವಾರಕ್ಕೊಮ್ಮೆ ನಾಲ್ಕು ಲೀಟರ್ ಬದಲಿಸೋಕೆ ಬರುವಾಗ ನಾನೇ ಹೊತ್ತು ತರುತ್ತೇನೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆಯೋಕೆ ಟೇಪ್ ಹುಡುಕುತ್ತಿದ್ದಾಗ ಅಕ್ಕ ತಮ್ಮ ಚೀಲದಿಂದ ಕೆಂಪು ನೈಲ್ ಪಾಲಿಶ್ ತೆಗೆದು ಕೊಟ್ಟರು. ಟೇಪ್ ಆಗಿದ್ದರೆ ಒಂದು ವಾರಕ್ಕೆ ಕಿತ್ತು ಬರುತ್ತಿತ್ತು. ಗಾಜು ಒರೆಸುವ ಸ್ಪ್ರೇ, ಸ್ಯಾನಿಟೈಸರ್, ಫಿನಾಯಿಲ್ ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು ಅಂತ ಅವತ್ತೇ ಹೇಳಿದೆ. ಕೆಲವು ಸ್ಪ್ರೇಗಳಲ್ಲಿ ಅಮೋನಿಯವೇ ಇರುತ್ತೆ. "ಆ ಸಿಗಡಿ ವಾಸನೆದು ತಾನೆ?" ಅಂದರು. ಅದೇ ಅಂದೆ.

ಅಟೋ ಟಾಪ್ ಆಫ್ ಅಂತ ಒಂದು ಯಂತ್ರ ಬರುತ್ತೆ, ಸೆನ್ಸರ್ ನೋಡಿಕೊಂಡು ತಾನೇ ನೀರು ತುಂಬುತ್ತೆ. ಹಾಕೋಣ ಅಂತ ಡಾಕ್ಟ್ರು ಹೇಳಿದರು. ಶನಿವಾರ, ಭಾನುವಾರ ಮುಚ್ಚಿರುವ ಆಫೀಸುಗಳಿಗೆ ನಾನೇ ಹೇಳಿ ಹಾಕಿಸುತ್ತೇನೆ. ಇಲ್ಲಿಗೆ ಬೇಡ ಅಂದೆ.

ಕಳೆದ ವಾರ ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನು. ಎದೆ ಧಸಕ್ಕೆಂದಿತು. "ಏನಿಲ್ಲ ಅಣ್ಣ, ನೀರು ಗೆರೆಗೇ ಇದೆ. ಡಾಕ್ಟ್ರು ಯಾವುದೋ ನೀಲಿ ಮೀನು ತರ್ತೀನಿ ಅಂತಿದಾರೆ. ಒಂದಡಿ ಬೆಳೆಯುತ್ತೆ, ಇಲ್ಲಿ ಹಿಡಿಸಲ್ಲ ಸಾರ್ ಅಂತ ನಾನು ಹೇಳಿದೀನಿ. ನಿಮಗೆ ಫೋನ್ ಮಾಡಿದ್ರೆ ನೀವೂ ಹಾಗೇ ಹೇಳಿ."