‘ಬೈಯಲ್ಲ, ಹೇಳಿ’ ಅಂದಿದ್ದೆ

ಆ ರಬ್ಬರ್‌ಗೆ ಸ್ಟ್ರಾಬೆರಿ ವಾಸನೆ ಇತ್ತು. ಮೂರನೇ ಕ್ಲಾಸಿನ ಹುಡುಗನೊಬ್ಬ ಜಾತ್ರೆಯಲ್ಲಿ ಹಟ ಮಾಡಿ ಕೊಡಿಸಿಕೊಂಡಿದ್ದ. ಬಿಸಿಯೂಟ ಮುಗಿಸಿ, ತಟ್ಟೆ ತೊಳೆದು ಬರುವಷ್ಟರಲ್ಲಿ ಅದು ಚೀಲದಲ್ಲಿ ಇರಲಿಲ್ಲ. ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ನಾನು ತುಮಕೂರು ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಮೇಲಿನ ಹಾಜರಾತಿ ಚಾರ್ಟಿನಲ್ಲಿ ತಮ್ಮ ಗುರುತನ್ನು ತಾವೇ ಹಾಕುತ್ತಾರೆ. ಮಕ್ಕಳ ಮೇಲೆ ನಂಬಿಕೆ ಇಟ್ಟೇ ನಡೆಯುವ ತರಗತಿ ಇದು. ಆ ದಿನ ಮಾತ್ರ ನಾನು ಪೊಲೀಸಿನವಳ ಹಾಗೆ ನಿಂತುಬಿಟ್ಟೆ.

‘ಯಾರು ತಗೊಂಡಿದ್ದೀರಿ? ಬೈಯಲ್ಲ, ಹೇಳಿ’ ಅಂದೆ. ಯಾರೂ ಉಸಿರೆತ್ತಲಿಲ್ಲ. ಮತ್ತೆ ಅಂದೆ, ‘ನಿಜ ಹೇಳಿದ್ರೆ ಏನೂ ಮಾಡಲ್ಲ.’ ಸ್ವಲ್ಪ ಹೊತ್ತಿಗೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. ಲಂಗದ ಜೇಬಿನಿಂದ ರಬ್ಬರ್ ತೆಗೆದು ಚಾಚಿದಳು. ‘ನಾನೇ ಮಿಸ್.’

ನಾನು ಬೈದೆ. ಎಲ್ಲರ ಮುಂದೆ ನಿಲ್ಲಿಸಿ ಆ ಹುಡುಗನ ಹತ್ತಿರ ಸಾರಿ ಕೇಳಿಸಿದೆ. ‘ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿಮ್ಮಪ್ಪನ್ನ ಕರೆಸ್ತೀನಿ’ ಅಂದೆ. ಮರುದಿನದಿಂದ ಮಕ್ಕಳು ಅವಳನ್ನು ‘ಕಳ್ಳಿ’ ಅಂತ ಕರೆಯೋಕೆ ಶುರು ಮಾಡಿದರು. ಯಾರ ಪೆನ್ಸಿಲ್ ಕಾಣದಿದ್ದರೂ ಮೊದಲು ಹುಡುಕುತ್ತಿದ್ದದ್ದು ಅವಳ ಚೀಲ.

ಆ ಕೋಣೆಯಲ್ಲಿ ಆವತ್ತು ನಿಜ ಹೇಳಿದವಳು ಅವಳು. ಸುಳ್ಳು ಹೇಳಿದವಳು ನಾನು. ‘ಬೈಯಲ್ಲ’ ಅಂದು ಬೈದೆ, ಅಲ್ವಾ?

ಕೋಲು ಮುಟ್ಟಲಿಲ್ಲ ಅಂತ ಆಗ ನನಗೆ ಸಮಾಧಾನವಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ. ನಾನು ಮಾಡಿದ್ದು ಅದೇ ಅಂತ ಹೊಳೆದಿರಲಿಲ್ಲ. ಆಮೇಲೆ ಎಷ್ಟು ಸಲ ‘ನಿಜ ಹೇಳಿ’ ಅಂದರೂ ಆ ವರ್ಷ ನನ್ನ ತರಗತಿಯಲ್ಲಿ ಒಬ್ಬರೂ ಎದ್ದು ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ನಿಂತವಳಿಗೆ ಏನಾಯಿತು ಅಂತ ಎಲ್ಲರೂ ನೋಡಿದ್ದರಲ್ಲ.

ಕೆಲವು ವರ್ಷಗಳ ನಂತರ, ಕೆನಡಾದ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಅನ್ನುವ ಇಬ್ಬರು ಸಂಶೋಧಕರು ಮಾಡಿದ ಕೆಲಸದ ಬಗ್ಗೆ ಓದಿದೆ. ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು-ನಾಲ್ಕು ವರ್ಷದ ಮಕ್ಕಳ ಜೊತೆ ಒಂದು ಆಟ ಆಡಿಸಿದ್ದರು. ಮಗುವಿನ ಬೆನ್ನ ಹಿಂದೆ ಆಟಿಕೆ ಇಟ್ಟು, ‘ತಿರುಗಿ ನೋಡಬೇಡ’ ಅಂತ ಹೇಳಿ ದೊಡ್ಡವರು ಹೊರಗೆ ಹೋಗುವುದು. ಬಂದು ‘ನೋಡಿದೆಯಾ?’ ಅಂತ ಕೇಳುವುದು. ಕದ್ದು ನೋಡಿದವರು ಎರಡೂ ಶಾಲೆಯಲ್ಲಿದ್ದರು. ಆದರೆ ಹೊಡೆದು ಬಡಿದು ಶಿಸ್ತು ಕಲಿಸುವ ಶಾಲೆಯ ಮಕ್ಕಳು ಜಾಸ್ತಿ ಸುಳ್ಳು ಹೇಳಿದರು. ಸಿಕ್ಕಿಬೀಳದ ಹಾಗೆ ಜಾಣತನದಿಂದಲೂ ಹೇಳಿದರು. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಹುಡುಗಿಯ ಚಾಚಿದ ಕೈ.

ಅವರದೇ ಇನ್ನೊಂದು ಅಧ್ಯಯನ 2014ರದ್ದು. ಮೂರರಿಂದ ಏಳು ವರ್ಷದ 268 ಮಕ್ಕಳಿಗೆ ಇದೇ ಆಟ ಆಡಿಸಿ, ನಡುವೆ ಕಥೆ ಓದಿ ಹೇಳಿದರು. ಸುಳ್ಳು ಹೇಳಿದವನಿಗೆ ಕೆಟ್ಟದ್ದಾಗುವ ‘ತೋಳ ಬಂತು ತೋಳ’ದಂಥ ಕಥೆ ಕೇಳಿದ ಮಕ್ಕಳಲ್ಲಿ ಬದಲಾವಣೆ ಕಾಣಲಿಲ್ಲ. ತಪ್ಪು ಒಪ್ಪಿಕೊಂಡ ಹುಡುಗನನ್ನು ಅಪ್ಪ ಮೆಚ್ಚಿಕೊಂಡ ಕಥೆ ಕೇಳಿದವರು ಮಾತ್ರ ಹೆಚ್ಚು ನಿಜ ಹೇಳಿದರು. ಇಷ್ಟು ವರ್ಷ ಯಾರಾದರೂ ಸುಳ್ಳು ಹೇಳಿದ ಕೂಡಲೇ ನಾನು ತೋಳದ ಕಥೆಯನ್ನೇ ಹೇಳುತ್ತಿದ್ದೆ!

ಈಗ ಗಾಂಧೀಜಿಯ ಕಥೆ ಹೇಳುತ್ತೇನೆ. ಹದಿನೈದನೇ ವಯಸ್ಸಿನಲ್ಲಿ ಅಣ್ಣನ ತೋಳಿನ ಕಡಗದಿಂದ ಒಂದು ಚೂರು ಚಿನ್ನ ಕದ್ದದ್ದು. ತಡೆಯಲಾಗದೆ ಒಂದು ಚೀಟಿಯಲ್ಲಿ ಎಲ್ಲ ಬರೆದು ಕಾಯಿಲೆ ಬಿದ್ದಿದ್ದ ಅಪ್ಪನ ಕೈಗೆ ಕೊಟ್ಟದ್ದು. ಅಪ್ಪ ಬೈಯಲಿಲ್ಲ. ಕಣ್ಣೀರು ಹಾಕಿ ಚೀಟಿಯನ್ನು ಹರಿದುಹಾಕಿದರು. ಕಥೆ ಇಲ್ಲಿಗೆ ಬಂದಾಗ ಮಕ್ಕಳು ಗಪ್‌ಚಿಪ್ ಆಗುತ್ತಾರೆ. ಒಂದನೇ ಕ್ಲಾಸಿನವಳೊಬ್ಬಳು ಕೇಳಿದ್ದಳು, ‘ಹೊಡೀಲೇ ಇಲ್ವಾ ಮಿಸ್?’

ನಾನು ಬಿಟ್ಟ ಇನ್ನೊಂದು ಅಭ್ಯಾಸ, ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು. ಪುಸ್ತಕ ಖಾಲಿ ಇರುವುದು ಕಾಣುತ್ತಲೇ ಇರುತ್ತದೆ. ಆದರೂ ‘ಹೋಂವರ್ಕ್ ಮಾಡಿದ್ದೀಯಾ?’ ಅಂತ ಕೇಳುತ್ತೇವೆ. ಆರು ವರ್ಷದ ಮಗು ಹೆದರಿ ‘ಮಾಡಿದೀನಿ ಮಿಸ್, ಆ ಪುಸ್ತಕ ಮನೇಲಿದೆ’ ಅನ್ನುತ್ತದೆ. ಆಗ ಒಂದು ತಪ್ಪು ಎರಡಾಗುತ್ತದೆ. ಎರಡನೆಯದಕ್ಕೆ ದಾರಿ ಮಾಡಿಕೊಟ್ಟವರು ನಾವು. ಈಗ ಸುಮ್ನೆ ಪಕ್ಕ ಕೂತು, ‘ಬರೆಯೋಕೆ ಆಗಿಲ್ಲ ಅನ್ಸುತ್ತೆ. ಏನಾಯ್ತು?’ ಅನ್ನುತ್ತೇನೆ. ಕರೆಂಟ್ ಇರಲಿಲ್ಲ ಅನ್ನುವವರು ಇದ್ದಾರೆ. ಲೆಕ್ಕ ಬರಲ್ಲ ಅನ್ನುವವರು ಇದ್ದಾರೆ. ಆಡ್ತಾ ಇದ್ದೆ ಅನ್ನುವವರೂ ಇದ್ದಾರೆ. ಆಡಿದವರು ಬಿಡುವಿನಲ್ಲಿ ಕೂತು ಬರೆಯಬೇಕು. ಅದನ್ನು ಮಾಫಿ ಮಾಡುವುದಿಲ್ಲ.

ಎಲ್ಲ ಸುಳ್ಳೂ ಒಂದೇ ಅಲ್ಲ. ಒಂದನೇ ಕ್ಲಾಸಿನ ಹುಡುಗ ‘ನಮ್ಮಪ್ಪ ಕಾರ್ ತಗೊಂಡ್ರು’ ಅಂದ. ಉಳಿದವರು ‘ಸುಳ್ಳು ಮಿಸ್, ಸುಳ್ಳು’ ಅಂತ ಕೂಗಿದರು. ‘ಕಾರ್ ಇದ್ರೆ ಎಲ್ಲಿಗೆ ಹೋಗ್ತೀಯ?’ ಅಂದೆ. ‘ಬೆಂಗಳೂರಿಗೆ. ಅಪ್ಪ ಅಲ್ಲೇ ಇರೋದು’ ಅಂದ. ಅವನಿಗೆ ಕಾರಿನ ಚಿತ್ರ ಬರೆಯಲು ಹಾಳೆ ಕೊಟ್ಟೆ.

ಗೇಟಿನ ಹತ್ತಿರ ಸಿಗುವ ಕೆಲವು ಅಪ್ಪಂದಿರು ‘ನಾಲ್ಕು ಬಾರಿಸಿ ಮಿಸ್, ಬುದ್ಧಿ ಬರುತ್ತೆ’ ಅನ್ನುತ್ತಾರೆ. ಮಗು ಏನಾದರೂ ತೆಗೆದುಕೊಂಡಿದ್ದು ತಿಳಿದರೂ ಅಂಥ ಮನೆಗೆ ನಾನು ಹೇಳಿಕಳಿಸುವುದಿಲ್ಲ. ಇದು ಸರಿಯಲ್ಲ ಅನ್ನುವ ಸಹೋದ್ಯೋಗಿಗಳಿದ್ದಾರೆ. ಇರಲಿ. ಆ ರಾತ್ರಿ ಮಗುವಿಗೆ ಬೀಳುವ ಏಟು ಅವರ ಕಿವಿಗೂ ಕೇಳುವುದಿಲ್ಲ, ನನ್ನ ಕಿವಿಗೂ ಕೇಳುವುದಿಲ್ಲ.

ರಬ್ಬರಿನ ಹುಡುಗಿ ಐದನೇ ಕ್ಲಾಸ್ ಮುಗಿಸಿ ಪಕ್ಕದ ಊರಿನ ಶಾಲೆಗೆ ಹೋದಳು. ಅಷ್ಟು ವರ್ಷ ಕಣ್ಣೆದುರೇ ಇದ್ದಳು. ‘ನಂದು ತಪ್ಪಾಯ್ತು ಮಗಳೇ’ ಅಂತ ಒಂದು ದಿನವೂ ಹೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಕಳೆದ ತಿಂಗಳು ನಮ್ಮ ತರಗತಿಯ ಮೆಂಡರ್ ಕಳೆಯಿತು. ಡಬ್ಬಿಯಲ್ಲಿಟ್ಟು ಎಲ್ಲರೂ ಬಳಸುವ ಮೆಂಡರ್. ಯಾರು ತೆಗೆದದ್ದು ಅಂತ ನನಗೆ ಕಂಡಿತ್ತು. ಯಾರನ್ನೂ ನಿಲ್ಲಿಸಲಿಲ್ಲ, ಚೀಲ ತೆಗೆಸಲಿಲ್ಲ. ಸಂಜೆ ಬೆಲ್ ಆದ ಮೇಲೆ ಚಾಪೆ ಸುತ್ತೋಕೆ ಬಾ ಅಂತ ಆ ಹುಡುಗನನ್ನು ಕರೆದೆ. ಚಾಪೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ‘ಮೆಂಡರ್ ನಿನ್ನ ಹತ್ರ ಇದೆ ಕಣೋ. ನಾಳೆ ಡಬ್ಬಿಗೆ ಹಾಕ್ಬಿಡು. ಎಲ್ರಿಗೂ ಬೇಕಲ್ವಾ’ ಅಂದೆ. ಅವನು ಮಾತಾಡಲಿಲ್ಲ. ಚಾಪೆ ಸುತ್ತಿ ಮೂಲೆಗಿಟ್ಟು ಓಡಿಹೋದ.

ಮರುದಿನ ಡಬ್ಬಿಯಲ್ಲಿ ಎರಡು ಮೆಂಡರ್ ಇದ್ದವು. ಎರಡನೆಯದು ದೀಪಾವಳಿಗೆ ಮುಂಚೆ ಕಳೆದದ್ದು. ಅದನ್ನು ನಾನು ಮರೆತೇಬಿಟ್ಟಿದ್ದೆ.